ಹಸಿರು ಬಟ್ಟೆಯ ಹಿಂದಿನ ಕೈಗಳು

ಮೊದಲು ಒಂದು ಕೊಳೆಗೇರಿಯ ಮಾತು.

೨೦೧೨ರಲ್ಲಿ ಬಂದ 'ದಿ ಅವೆಂಜರ್ಸ್' ಸಿನಿಮಾವನ್ನು ನಾವು ನೋಡಿದ್ದು ಅದು ಬಂದು ಎಷ್ಟೋ ವರ್ಷ ಆದಮೇಲೆ. ಹಾಸ್ಟೆಲಿನ ರೂಮಿನಲ್ಲಿ, ಏಳು ಜನ ಒಂದೇ ಮೊಬೈಲಿಗೆ ತಲೆ ಕೊಟ್ಟು, ತೆಲುಗಿನಲ್ಲಿ. ಆ ವೀರರು ಕನ್ನಡ ಆಡುತ್ತಿರಲಿಲ್ಲ. ಡಬ್ಬಿಂಗ್ ಬೇಡ ಅನ್ನುವ ನಮ್ಮ ಚಿತ್ರರಂಗದ ಕಟ್ಟಳೆ ೨೦೧೨ರಲ್ಲಿ ಇನ್ನೂ ಬಿಗಿಯಾಗಿತ್ತು. ಇರಲಿ. ಲೋಕಕ್ಕೆ ಆಪತ್ತು ಬರುತ್ತೆ, ಬೇರೆ ಬೇರೆ ಶಕ್ತಿಯ ಆರು ಜನ ಒಂದಾಗಿ ಅದನ್ನು ಉಳಿಸುತ್ತಾರೆ. ಕತೆ ಅಷ್ಟೇ. ನಮಗೆ ಕಣ್ಣು ನೆಟ್ಟಿದ್ದು ಕತೆಯ ಮೇಲಲ್ಲ.

ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೆ ಕೊಲ್ಕತ್ತದ ಒಂದು ಕೊಳೆಗೇರಿ ಬರುತ್ತೆ. ಕಿಕ್ಕಿರಿದ ಓಣಿ. ಕಾಯಿಲೆ ಬಿದ್ದವರ ನಡುವೆ ಮದ್ದು ಕೊಡುತ್ತ ತಲೆಮರೆಸಿಕೊಂಡಿರುವ ಬಿಳಿಯ ಡಾಕ್ಟರು, ಬ್ರೂಸ್ ಬ್ಯಾನರ್. ಸಿಟ್ಟು ಬಂದರೆ ಹಲ್ಕ್ ಎಂಬ ಹಸಿರು ದೈತ್ಯನಾಗುವವನು ಇವನೇ. ಪುಟ್ಟ ಹುಡುಗಿಯೊಬ್ಬಳು ಓಡಿ ಬಂದು, ಮನೇಲಿ ಕಾಯಿಲೆ ಅಂತ ಅಂಗಲಾಚಿ ಅವನನ್ನು ಊರಾಚೆಯ ಗುಡಿಸಲಿಗೆ ಕರೆದೊಯ್ಯುತ್ತಾಳೆ. ಒಳಗೆ ಕಾಯುತ್ತಿರುವುದು ಅಮೇರಿಕದ ಗೂಢಚಾರಿಣಿ. ಹುಡುಗಿ ಕಿಟಕಿಯಿಂದ ಹಾರಿ ಹೋದಳು, ಮುಗೀತು. ಎರಡು ಗಂಟೆ ಇಪ್ಪತ್ತಮೂರು ನಿಮಿಷದ ಚಿತ್ರದಲ್ಲಿ ಆಮೇಲೆ ಆ ಹುಡುಗಿಯೂ ಇಲ್ಲ, ಆ ಓಣಿಯೂ ಇಲ್ಲ. ಲೋಕ ಉಳಿಸುವುದು ಅಂದರೆ ನ್ಯೂಯಾರ್ಕಿನ ಒಂದೆರಡು ಬೀದಿ ಉಳಿಸುವುದು.

ಆ ಕೊಲ್ಕತ್ತ ಕೊಲ್ಕತ್ತವೇ ಅಲ್ಲ. ಅಮೇರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕ್ ಎಂಬ ಊರಿನಲ್ಲಿ ಆಗ ಪಾಳುಬಿದ್ದಿದ್ದ ಒಂದು ರೈಲ್ವೆ ಕಾರ್ಖಾನೆಯಿದೆ. ಒಂದು ಕಾಲಕ್ಕೆ ಅದು ಆ ಊರಿನ ದೊಡ್ಡ ದುಡಿಮೆಯ ಜಾಗ. ಉಗಿಬಂಡಿಗಳ ಕಾಲ ಮುಗಿದ ಮೇಲೆ ಕೆಲಸವೂ ಸೊರಗಿತು, ಜನವೂ ಚದುರಿತು. ಉಳಿದ ಖಾಲಿ ಗೋಡೆಗಳ ನಡುವೆ ಸಿನಿಮಾದವರು ಬಂದು ಕೊಳೆಗೇರಿ ಕಟ್ಟಿದರು. ಚಿತ್ರ ಬಂದಾಗ ಬಂಗಾಳದ ಕೆಲವು ಕಲಾವಿದರು, ನಮ್ಮೂರು ಅಂದರೆ ಕೊಳಚೆ ಒಂದೇನಾ ಎಂದು ಸಿಟ್ಟಾದರು. ನಮ್ಮ ತಕರಾರು ಅದಲ್ಲ. ಕೊಳೆಗೇರಿ ತೋರಿಸಿದರೆ ನಮಗೇನೂ ನಾಚಿಕೆ ಇಲ್ಲ, ಅಲ್ಲಿ ಬದುಕುವವರು ನಮ್ಮವರೇ. ನಮಗೆ ಬೇಕಾಗಿದ್ದು ಬೇರೆ. ಕೆಲಸ ಹೋದ ಕಾರ್ಖಾನೆಯೊಳಗೆ ಸುಳ್ಳು ಬಡತನ ಕಟ್ಟಿದ ಆ ಬಡಗಿ ಯಾರು? ಹೊಸ ಗೋಡೆಗೆ ಹಳೇ ಮಸಿ ಬಳಿದವನು ಯಾರು? ಅವನಿಗೆ ಸಿಕ್ಕ ಕೂಲಿ ಎಷ್ಟು? ಈ ಪ್ರಶ್ನೆ ಹಿಡಿದುಕೊಂಡು ಹಿಂದಕ್ಕೆ ಹೋದೆವು. ಹೋಗುತ್ತಾ ಹೋಗುತ್ತಾ ನ್ಯೂಯಾರ್ಕಿನ ಒಬ್ಬ ದರ್ಜಿ ಕೆಲಸದವನ ಮನೆಗೆ ಬಂದು ನಿಂತೆವು.

೧೯೧೭ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್ ಎಂಬ ಬಡವರ ಮೊಹಲ್ಲಾದಲ್ಲಿ ಜೇಕಬ್ ಕರ್ಟ್ಸ್‌ಬರ್ಗ್ ಹುಟ್ಟಿದ. ಅಪ್ಪ ಅಮ್ಮ ಆಸ್ಟ್ರಿಯಾದಿಂದ ವಲಸೆ ಬಂದ ಯಹೂದಿಗಳು. ಅಪ್ಪ ಬಟ್ಟೆ ಹೊಲಿಯುವ ಕಾರ್ಖಾನೆಯ ಕೂಲಿ. ಬೀದಿ ಜಗಳಗಳಲ್ಲಿ ಬೆಳೆದ ಹುಡುಗ ಚಿತ್ರ ಬರೆಯುವುದನ್ನು ಹೆಚ್ಚುಕಡಿಮೆ ತಾನೇ ಕಲಿತ. ಹೆಸರನ್ನು ಜ್ಯಾಕ್ ಕಿರ್ಬಿ ಎಂದು ಬದಲಿಸಿಕೊಂಡ. ಹುಟ್ಟಿದ ಹೆಸರು ಹೊತ್ತರೆ ಬಾಗಿಲು ತೆರೆಯುವುದಿಲ್ಲ ಎಂದು ಹೆಸರು ಬದಲಿಸಿಕೊಂಡವರು ನಮ್ಮ ನಡುವೆಯೂ ಇದ್ದಾರೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

೧೯೪೧ರ ಮಾರ್ಚ್ ತಾರೀಖು ಹೊತ್ತು ಹೊರಬಂದ 'ಕ್ಯಾಪ್ಟನ್ ಅಮೇರಿಕ' ಮೊದಲ ಸಂಚಿಕೆಯ ರಕ್ಷಾಪುಟದಲ್ಲಿ ನಾಯಕ ಹಿಟ್ಲರನ ದವಡೆಗೆ ಗುದ್ದುತ್ತಾನೆ. ಅಮೇರಿಕ ಆಗಿನ್ನೂ ಯುದ್ಧಕ್ಕೇ ಇಳಿದಿರಲಿಲ್ಲ. ದೊಡ್ಡವರು ಹಿಟ್ಲರನ ಜತೆ ಏನು ಮಾಡುವುದೆಂದು ಇನ್ನೂ ಮೀನಮೇಷ ಎಣಿಸುತ್ತಿದ್ದಾಗ ಇಬ್ಬರು ಯಹೂದಿ ಹುಡುಗರು, ಜೋ ಸೈಮನ್ ಮತ್ತು ಕಿರ್ಬಿ, ಕಾಗದದ ಮೇಲೆ ಗುದ್ದಿಬಿಟ್ಟಿದ್ದರು. ಆಮೇಲೆ ಕಿರ್ಬಿಯನ್ನು ಸೈನ್ಯಕ್ಕೆ ಎಳೆದರು. ಫ್ರಾನ್ಸಿನ ಚಳಿಯಲ್ಲಿ ಕಾಲು ಹೆಪ್ಪುಗಟ್ಟಿ ಆಸ್ಪತ್ರೆ ಸೇರಿ ವಾಪಸಾದ.

೧೯೬೩ರಲ್ಲಿ ಸ್ಟ್ಯಾನ್ ಲೀ ಎಂಬ ಸಂಪಾದಕ ಮತ್ತು ಕಿರ್ಬಿ ಸೇರಿ 'ದಿ ಅವೆಂಜರ್ಸ್' ಪುಸ್ತಕ ಶುರುಮಾಡಿದರು. ಹಲ್ಕ್, ಥಾರ್, ಐರನ್ ಮ್ಯಾನ್ ಎಲ್ಲರೂ ಒಂದೇ ತಂಡ. ಮಾರ್ವೆಲ್ ಕಂಪನಿಯಲ್ಲಿ ಕೆಲಸದ ರೀತಿ ಹೀಗಿತ್ತು: ಲೀ ನಾಲ್ಕು ಮಾತಿನಲ್ಲಿ ಕತೆ ಹೇಳೋದು, ಕಿರ್ಬಿ ಮನೆಯ ನೆಲಮಾಳಿಗೆಯಲ್ಲಿ ಕೂತು ಇಡೀ ಕತೆಯನ್ನು ಚಿತ್ರದಲ್ಲಿ ಕಟ್ಟೋದು, ಆಮೇಲೆ ಲೀ ಮಾತು ತುಂಬೋದು. ಲೀಗೆ ಸಂಬಳ, ಕುರ್ಚಿ. ಕಿರ್ಬಿಗೆ ಪುಟಕ್ಕಿಷ್ಟು ಅಂತ ಕೂಲಿ. ಬರೆದರೆ ಉಂಟು, ಕೈ ನೋವು ಬಂದು ಮಲಗಿದರೆ ಇಲ್ಲ. ಯಾರು ಎಷ್ಟು ಸೃಷ್ಟಿಸಿದರು ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ, ನಾವು ಅದರೊಳಕ್ಕೆ ಹೋಗುವುದಿಲ್ಲ. ಲೀ ಏನೂ ಮಾಡಲಿಲ್ಲ ಅನ್ನುವುದು ಅನ್ಯಾಯವಾದೀತು. ಆದರೆ ದುಡ್ಡು ಯಾರ ಕಡೆ ಹರಿಯಿತು ಅನ್ನುವುದರಲ್ಲಿ ಜಗಳವೇ ಇಲ್ಲ.

ಕೂಲಿಯ ಚೆಕ್ಕಿನ ಹಿಂಬದಿಯಲ್ಲಿ ಒಂದು ಒಕ್ಕಣೆ ಇರುತ್ತಿತ್ತು. ಈ ಕೆಲಸದ ಸಕಲ ಹಕ್ಕೂ ಕಂಪನಿಯದು ಎಂಬ ಅರ್ಥದ್ದು. ಅದರ ಕೆಳಗೆ ರುಜು ಹಾಕಿದರೇ ಚೆಕ್ಕು ನಗದಾಗೋದು. ನೋಡಿ, ಇದನ್ನು ಓದಿದಾಗ ನಮಗೆ ನಮ್ಮ ತಾತ ಧಣಿಯ ಬಾಂಡ್ ಪೇಪರಿಗೆ ಒತ್ತಿದ ಹೆಬ್ಬೆಟ್ಟೇ ಕಣ್ಮುಂದೆ ಬಂತು. ತಾತನಿಗೆ ಅಕ್ಷರ ಬರುತ್ತಿರಲಿಲ್ಲ, ಕಿರ್ಬಿಗೆ ಬರುತ್ತಿತ್ತು. ಅಷ್ಟೇ ಫರಕು. ಅಕ್ಷರ ಬಂದವನಿಗೂ ಹೆಂಡತಿ, ನಾಲ್ಕು ಮಕ್ಕಳು, ಸಂಜೆಯ ಊಟ ಇರುತ್ತಲ್ಲ.

ಇದು ಅವನೊಬ್ಬನ ಪಾಡಲ್ಲ. ಸೂಪರ್‌ಮ್ಯಾನ್ ಕಲ್ಪಿಸಿದ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಹುಡುಗರು ೧೯೩೮ರಲ್ಲಿ ಅವನನ್ನು ೧೩೦ ಡಾಲರಿಗೆ ಮಾರಿದರು. ಮುಪ್ಪಿನಲ್ಲಿ ಗತಿಯಿಲ್ಲದೆ ಗೋಳಾಡಿ, ಪತ್ರಿಕೆಗಳಲ್ಲಿ ಗದ್ದಲವಾಗಿ, ೧೯೭೫ರಲ್ಲಿ ವರ್ಷಕ್ಕೆ ೨೦ ಸಾವಿರ ಡಾಲರಿನ ಪಿಂಚಣಿ ಕಂಡರು. ಆ ೧೩೦ ಡಾಲರು ನಮೂದಾಗಿದ್ದ ಹಳೇ ಚೆಕ್ಕಿನ ಕಾಗದವೇ ೨೦೧೨ರ ಏಪ್ರಿಲಿನಲ್ಲಿ, ಅಂದರೆ 'ಅವೆಂಜರ್ಸ್' ಬಿಡುಗಡೆಯ ಸುಮಾರಿಗೆ, ಹರಾಜಿನಲ್ಲಿ ೧ ಲಕ್ಷ ೬೦ ಸಾವಿರ ಡಾಲರಿಗೆ ಹೋಯಿತು. ಮೋಸದ ರಸೀತಿಗೂ ಬೆಲೆ ಬರುತ್ತೆ, ಮೋಸಹೋದವರು ಸತ್ತಮೇಲೆ.

ಕಿರ್ಬಿ ೧೯೮೦ರ ದಶಕದಲ್ಲಿ, ನಾನು ಬರೆದ ಮೂಲಚಿತ್ರಗಳನ್ನಾದರೂ ನನಗೆ ಕೊಡಿ ಎಂದು ಕೇಳಿದ. ಬೇರೆ ಕಲಾವಿದರಿಗೆ ಒಂದು ಪುಟದ ಕರಾರು ಕಳಿಸಿದ ಕಂಪನಿ ಇವನಿಗೆ ನಾಲ್ಕು ಪುಟದ್ದು ಕಳಿಸಿತು. ದೊಡ್ಡ ಗುದ್ದಾಟವಾಗಿ ೧೯೮೭ರಲ್ಲಿ ಸಿಕ್ಕಿದ್ದು ಎರಡು ಸಾವಿರದ ಆಸುಪಾಸು ಹಾಳೆ. ಬರೆದದ್ದು ಹತ್ತು ಸಾವಿರಕ್ಕೂ ಮೇಲೆ. ೧೯೯೪ರ ಫೆಬ್ರವರಿಯಲ್ಲಿ ತೀರಿಕೊಂಡ.

ಇನ್ನು ದುಡ್ಡಿನ ಕತೆ. ೧೯೯೬ರಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತ್ತು. ೨೦೦೫ರಲ್ಲಿ ಅದು ಮೆರಿಲ್ ಲಿಂಚ್ ಎಂಬ ದೊಡ್ಡ ಸಾಹುಕಾರರ ಹತ್ತಿರ ಹೋಗಿ ೫೨.೫ ಕೋಟಿ ಡಾಲರಿನ ಸಾಲದ ಏರ್ಪಾಡು ಮಾಡಿಕೊಂಡಿತು. ಅಡವು ಇಟ್ಟದ್ದು ಏನನ್ನು? ಹೊಲವಲ್ಲ, ಮನೆಯಲ್ಲ. ಕ್ಯಾಪ್ಟನ್ ಅಮೇರಿಕ, ಅವೆಂಜರ್ಸ್, ಬ್ಲ್ಯಾಕ್ ಪ್ಯಾಂಥರ್ ಸೇರಿದಂತೆ ಹತ್ತು ಪಾತ್ರಗಳ ಸಿನಿಮಾ ಹಕ್ಕನ್ನು. ಸಿನಿಮಾ ಸೋತರೆ ವೀರರು ಸಾಲಗಾರರ ಪಾಲು. ಲೋಕ ಉಳಿಸುವವರು ಲೇವಾದೇವಿಯ ಪೆಟ್ಟಿಗೆಯಲ್ಲಿ ಅಡವಾಗಿ ಕೂತಿದ್ದರು ಅಂದರೆ ನಗು ಬರುತ್ತೆ. ಆ ಪೈಕಿ ಕೆಲವರನ್ನಾದರೂ ಬರೆದ ಕೈ ಕಿರ್ಬಿಯದು. ಅವನಿಗೆ ಅಡವಿಡುವ ಹಕ್ಕೂ ಇರಲಿಲ್ಲ.

೨೦೦೮ರಲ್ಲಿ 'ಐರನ್ ಮ್ಯಾನ್' ಗೆದ್ದಿತು. ೨೦೦೯ರ ಆಗಸ್ಟ್ ಕೊನೆಗೆ ಡಿಸ್ನಿ ಕಂಪನಿ ಮಾರ್ವೆಲ್ಲನ್ನು ೪೦೦ ಕೋಟಿ ಡಾಲರಿಗೆ ಕೊಳ್ಳುವುದಾಗಿ ಸಾರಿತು. ಮರು ತಿಂಗಳೇ ಕಿರ್ಬಿಯ ಮಕ್ಕಳು ಹಕ್ಕು ಕೇಳಿ ನೋಟೀಸು ಕೊಟ್ಟರು. ೨೦೧೧ರಲ್ಲಿ ಸೋತರು, ೨೦೧೩ರ ಮೇಲ್ಮನವಿಯಲ್ಲೂ ಸೋತರು. ನ್ಯಾಯಾಲಯ ಹೇಳಿದ್ದು ಇಷ್ಟು: ಅದು ಕೂಲಿಗೆ ಮಾಡಿದ ಕೆಲಸ, ಕೂಲಿ ಕೊಟ್ಟವನೇ ಕರ್ತೃ. ಸುಪ್ರೀಂ ಕೋರ್ಟು ಆ ಅರ್ಜಿ ಎತ್ತಿಕೊಳ್ಳಬೇಕೋ ಬೇಡವೋ ಎಂದು ನೋಡಲಿದ್ದ ಕೆಲವೇ ದಿನ ಮೊದಲು, ೨೦೧೪ರ ಸೆಪ್ಟೆಂಬರಿನಲ್ಲಿ, ರಾಜಿಯಾಯಿತು. ಎಷ್ಟಕ್ಕೆ ಅಂತ ಹೊರಗೆ ಬರಲಿಲ್ಲ.

ಅಷ್ಟರಲ್ಲಿ ಸಿನಿಮಾ ಬಂದು ಹೋಗಿತ್ತು. ೨೦೧೧ರ ಏಪ್ರಿಲಿನಲ್ಲಿ ಆಲ್ಬುಕರ್ಕ್‌ನಲ್ಲಿ ಚಿತ್ರೀಕರಣ ಶುರು, ನಿರ್ದೇಶಕ ಜಾಸ್ ವೀಡನ್. ಅದೇ ಊರು ಯಾಕೆ? ಖರ್ಚು ಮಾಡಿದ್ದರಲ್ಲಿ ಒಂದು ಪಾಲನ್ನು ಆ ರಾಜ್ಯ ತೆರಿಗೆಯ ಲೆಕ್ಕದಲ್ಲಿ ವಾಪಸು ಕೊಡುತ್ತೆ. ಆಮೇಲೆ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿಗೆ ಹೋದರು, ಅಲ್ಲೂ ತೆರಿಗೆ ರಿಯಾಯಿತಿ. ಕ್ಲೀವ್‌ಲ್ಯಾಂಡಿನ ಪೂರ್ವ ೯ನೇ ಬೀದಿಯೇ ನ್ಯೂಯಾರ್ಕಾಯಿತು. ಯುದ್ಧ ನಡೆಯುವ ಮೇಲ್ಸೇತುವೆಯ ಒಂದು ತುಂಡನ್ನು ಆಲ್ಬುಕರ್ಕ್‌ನಲ್ಲಿ ಕಟ್ಟಿ ಸುತ್ತ ಹಸಿರು ಬಟ್ಟೆ ಎಳೆದರು. ಆ ಹಸಿರಿನ ಜಾಗಕ್ಕೆ ಆಮೇಲೆ ಏನು ಬೇಕಾದರೂ ತುಂಬಬಹುದು. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಕಂಪನಿಯ ಫೋಟೋದವರು ನಿಜವಾದ ನ್ಯೂಯಾರ್ಕಿನ ಬೀದಿಬೀದಿ ಅಲೆದು, ಮಾಳಿಗೆಗಳ ಮೇಲೆ ಹತ್ತಿ, ವಾರಗಟ್ಟಲೆ, ಲಕ್ಷದ ಲೆಕ್ಕದಲ್ಲಿ ಚಿತ್ರ ತೆಗೆದರು. ಅದನ್ನೆಲ್ಲ ಕಂಪ್ಯೂಟರಿನಲ್ಲಿ ಹೊಲಿದು ಊರು ಕಟ್ಟಿದರು. ಹೊಲಿದು ಅಂತ ಬೇಕೆಂದೇ ಬರೆದೆವು. ಕಿರ್ಬಿಯ ಅಪ್ಪನ ಕೆಲಸ ಮೊಮ್ಮಕ್ಕಳ ಕಾಲಕ್ಕೆ ಹೀಗೆ ಬಂತು.

ಹಲ್ಕ್‌ನ ವಿಷಯ ಕೇಳಿ, ಇದು ನಮಗೆ ಬಲು ಹಿಡಿಸಿತು. ಮುಖದ ಚಲನೆ ಮಾರ್ಕ್ ರಫಲೋ ಎಂಬ ನಟನದು, ಮೈತುಂಬ ಗುರುತಿನ ಚುಕ್ಕೆಯಿಟ್ಟ ಉಡುಪು ಹಾಕಿಕೊಂಡು ಅಭಿನಯಿಸಿದ್ದು. ಮಾಂಸಖಂಡದ ಮಾದರಿಗೆ ಲಾಂಗ್ ಐಲ್ಯಾಂಡಿನಿಂದ ಒಬ್ಬ ಕಸರತ್ತಿನ ಆಳನ್ನು ಕರೆಸಿ ಮೈಗೆಲ್ಲ ಹಸಿರು ಬಣ್ಣ ಬಳಿದು ನಿಲ್ಲಿಸಿದರು, ಬೆಳಕು ಮೈಮೇಲೆ ಹೇಗೆ ಬೀಳುತ್ತೆ ನೋಡೋಕೆ. ದನಿಯಲ್ಲಿ ಹಳೇ ಟಿವಿ ಹಲ್ಕ್ ಲೂ ಫೆರಿಗ್ನೊನದೂ ಪಾಲುಂಟು. ಚರ್ಮ, ಕೂದಲು, ಬೆವರು ಕಂಪ್ಯೂಟರಿನ ಮುಂದೆ ಕೂತ ನೂರಾರು ಜನರದು. ಒಂದು ಮೈಯೊಳಗೆ ಒಂದು ಊರೇ ಇದೆ. ಸಿನಿಮಾದೊಳಗಿನ ತಂಡ ಆರು ಜನರದು. ಸಿನಿಮಾ ಮಾಡಿದ ತಂಡ ಯಾರ ಬಾಯಲ್ಲೂ ಬರೋದಿಲ್ಲ.

ಈ ತರಹದ ಗಣಕ ಕೈಚಳಕದ ತುಣುಕುಗಳು ಆ ಚಿತ್ರದಲ್ಲಿ ಎರಡು ಸಾವಿರಕ್ಕೂ ಹೆಚ್ಚು. ಖರ್ಚು ಸುಮಾರು ೨೨ ಕೋಟಿ ಡಾಲರು, ಗಳಿಕೆ ೧೫೦ ಕೋಟಿ ದಾಟಿತು. ಐರನ್ ಮ್ಯಾನ್ ಪಾತ್ರದ ರಾಬರ್ಟ್ ಡೌನಿಗೆ ಲಾಭದ ಪಾಲೂ ಸೇರಿ ೫ ಕೋಟಿ ಡಾಲರು ಸಿಕ್ಕಿತೆಂದು ಪತ್ರಿಕೆಗಳು ಬರೆದವು. ಸ್ಟ್ಯಾನ್ ಲೀ ಒಂದು ಗಳಿಗೆ ತೆರೆಯ ಮೇಲೆ ಬಂದು ನಗಿಸಿ ಹೋಗುತ್ತಾರೆ. ಕಿರ್ಬಿ ಸತ್ತು ಆಗ ಹದಿನೆಂಟು ವರ್ಷ.

ಈಗ ಆ ನೂರಾರು ಜನರ ಕಡೆ ಬರೋಣ. ಹಾಲಿವುಡ್ಡಿನಲ್ಲಿ ಕ್ಯಾಮರಾದವರಿಗೆ, ಬಡಗಿಗಳಿಗೆ, ಬಟ್ಟೆ ಹೊಲಿಯುವವರಿಗೆ ಎಷ್ಟೋ ದಶಕಗಳಿಂದ ಸಂಘವಿದೆ. ದುಡಿಮೆಯ ಗಂಟೆ, ಊಟದ ಬಿಡುವು, ಕಾಯಿಲೆಯ ಖರ್ಚು ಎಲ್ಲಕ್ಕೂ ಕರಾರುಂಟು. ಕೊಳೆಗೇರಿ ಕಟ್ಟಿದ ಬಡಗಿ ಯಾರೆಂದು ಕೇಳಿದ್ದೆವಲ್ಲ, ಅವನ ಬೆನ್ನಿಗೆ ಅಷ್ಟಾದರೂ ಇದೆ. ಗಣಕದವರಿಗೆ ಇರಲಿಲ್ಲ. ಅವರ ಕೆಲಸ ನಡೆಯೋದು ಗುತ್ತಿಗೆಯಲ್ಲಿ. ಸ್ಟುಡಿಯೋ ಕರೆಯುತ್ತೆ, ಕಂಪನಿಗಳು ನಾನು ಕಮ್ಮಿ ತಾನು ಕಮ್ಮಿ ಅಂತ ಹರಾಜು ಕೂಗುತ್ತವೆ, ಒಂದು ಮೊತ್ತಕ್ಕೆ ಒಪ್ಪಂದ. ಆಮೇಲೆ ನಿರ್ದೇಶಕರು ಆಕಾಶದ ಬಣ್ಣ ಬದಲಿಸು ಅಂತಾರೆ, ಕತ್ತಿ ಬೇಡ ಕೊಡಲಿ ಇರಲಿ ಅಂತಾರೆ. ಮಾಡಿದ್ದನ್ನೇ ಹತ್ತು ಸಲ ಮಾಡಬೇಕು. ಮೊತ್ತ ಬಹುಮಟ್ಟಿಗೆ ಅದೇ, ಬಿಡುಗಡೆಯ ತಾರೀಖೂ ಅದೇ. ಕಂಪನಿ ತನ್ನ ನಷ್ಟವನ್ನು ಕೆಲಸಗಾರನ ನಿದ್ದೆಯಿಂದ ವಸೂಲಿ ಮಾಡುತ್ತೆ.

ಹಲ್ಕ್ ಇದಕ್ಕೂ ಮುಂಚೆ, ೨೦೦೮ರಲ್ಲಿ, 'ದಿ ಇನ್‌ಕ್ರೆಡಿಬಲ್ ಹಲ್ಕ್' ಅಂತ ಬಂದಿದ್ದ. ಆ ಹಸಿರು ಮೈಯನ್ನು ಮುಖ್ಯವಾಗಿ ಕಟ್ಟಿದ್ದು ರಿದಮ್ ಅಂಡ್ ಹ್ಯೂಸ್ ಎಂಬ ಕಂಪನಿ. ಮುಂಬೈ, ಹೈದರಾಬಾದಿನಲ್ಲೂ ಅದರ ಶಾಖೆಗಳಿದ್ದವು. ೨೦೧೩ರ ಫೆಬ್ರವರಿಯಲ್ಲಿ ಅದು ದಿವಾಳಿಯಾಯಿತು. ಇನ್ನೂರಕ್ಕೂ ಮಿಕ್ಕ ಜನ ಒಮ್ಮೆಗೇ ಬೀದಿಗೆ ಬಂದರು. ಅದೇ ತಿಂಗಳು ೨೪ನೇ ತಾರೀಖು ಅದೇ ಕಂಪನಿ ಹುಲಿ ಸೃಷ್ಟಿಸಿದ 'ಲೈಫ್ ಆಫ್ ಪೈ' ಚಿತ್ರಕ್ಕೆ ಆಸ್ಕರ್ ಬಂತು. ಒಳಗೆ ಪ್ರಶಸ್ತಿ, ಹೊರಗೆ ರಸ್ತೆಯಲ್ಲಿ ನೂರಾರು ಕೆಲಸಗಾರರ ಧಿಕ್ಕಾರ. ಪ್ರಶಸ್ತಿ ತಗೊಂಡವರು ಕಂಪನಿಯ ಕಷ್ಟ ಹೇಳಲು ಬಾಯಿ ತೆರೆದ ಗಳಿಗೆಗೆ ಸರಿಯಾಗಿ ಸಂಗೀತ ನುಗ್ಗಿಸಿ ಮೈಕು ಕಡಿದರು. ನುಗ್ಗಿಸಿದ ಸಂಗೀತ ಯಾವುದು ಗೊತ್ತೆ? 'ಜಾಸ್' ಚಿತ್ರದಲ್ಲಿ ಷಾರ್ಕ್ ಮೀನು ಮನುಷ್ಯರನ್ನು ತಿನ್ನೋಕೆ ಬರುವಾಗಿನದ್ದು. ಆಮೇಲೆ ಲೋಕದ ಎಲ್ಲೆಲ್ಲಿಂದಲೋ ಆ ಕೆಲಸಗಾರರು ತಮ್ಮ ಮುಖಚಿತ್ರ ತೆಗೆದು ಬರಿಯ ಹಸಿರು ಚೌಕ ಹಾಕಿಕೊಂಡರು. ನಾವಿಲ್ಲದಿದ್ದರೆ ನಿಮ್ಮ ತೆರೆಯ ಮೇಲೆ ಇರೋದು ಇಷ್ಟೇ ಅಂತ.

ಒಂದು ಮೀಸೆಯ ಪ್ರಸಂಗವನ್ನೂ ಹೇಳಿಬಿಡಬೇಕು. ೨೦೧೭ರ 'ಜಸ್ಟಿಸ್ ಲೀಗ್' ಎಂಬ ಇನ್ನೊಂದು ತಂಡದ ಚಿತ್ರ. ಕೊನೆಯಲ್ಲಿ ಮರುಚಿತ್ರೀಕರಣಕ್ಕೆ ಬಂದವರು ಅದೇ ವೀಡನ್. ಸೂಪರ್‌ಮ್ಯಾನ್ ಆಗಿದ್ದ ಹೆನ್ರಿ ಕ್ಯಾವಿಲ್ ಅಷ್ಟರಲ್ಲಿ ಬೇರೆ ಸ್ಟುಡಿಯೋದ ಚಿತ್ರಕ್ಕೆ ಮೀಸೆ ಬಿಟ್ಟಿದ್ದ, ಅವರು ಬೋಳಿಸೋಕೆ ಬಿಡಲಿಲ್ಲ. ಸರಿ, ಚಿತ್ರ ತೆಗೆದ ಮೇಲೆ ಗಣಕದಲ್ಲಿ ಚೌಕಟ್ಟು ಚೌಕಟ್ಟಾಗಿ ಮೀಸೆ ತೆಗೆದರು. ನಮ್ಮೂರಲ್ಲಿ ಕ್ಷೌರ ಮಾಡುವವರಿಗೆ ಸುಗ್ಗಿಗೆ ಒಂದು ಮೊರ ರಾಗಿ ಆಯ ಅಂತ ಕೊಡುತ್ತಿದ್ದರು. ಈ ಕ್ಷೌರಿಕನಿಗೆ ಏನು ಕೊಟ್ಟರೋ! ಜನರಂತೂ ಮೇಲ್ದುಟಿ ಸರಿಯಿಲ್ಲ ಅಂತ ನಕ್ಕರು, ನಾವೂ ನಕ್ಕಿದ್ದೇವೆ. ಅದೇ ಚಿತ್ರದ ಕರಿಯ ನಟ ರೇ ಫಿಷರ್, ಮರುಚಿತ್ರೀಕರಣದಲ್ಲಿ ವೀಡನ್ ತಮ್ಮನ್ನೂ ಇತರರನ್ನೂ ಕೀಳಾಗಿ ನಡೆಸಿಕೊಂಡರೆಂದು ೨೦೨೦ರಲ್ಲಿ ಬಹಿರಂಗವಾಗಿ ಆರೋಪಿಸಿದರು. ವೀಡನ್ ಅಲ್ಲಗಳೆದಿದ್ದಾರೆ. ಕಂಪನಿ ತನಿಖೆ ಮುಗಿಸಿ ಕ್ರಮ ಕೈಗೊಂಡಿದ್ದೇವೆ ಅಂತ ಮಾತ್ರ ಹೇಳಿತು. ಯಾರ ಮೇಲೆ, ಏನು, ಅಂತ ಹೇಳಲಿಲ್ಲ.

ಆ 'ಜಸ್ಟಿಸ್ ಲೀಗ್'ಗೆ ದುಡಿದ ಗಣಕ ಕಂಪನಿಗಳಲ್ಲಿ ಎಂಪಿಸಿ ಒಂದು. ಟೆಕ್ನಿಕಲರ್ ಎಂಬ ಫ್ರಾನ್ಸಿನ ದೊಡ್ಡ ಸಂಸ್ಥೆಗೆ ಸೇರಿದ್ದು. ಅದರ ಒಂದು ದೊಡ್ಡ ಕೈ ನಮ್ಮ ಬೆಂಗಳೂರಿನಲ್ಲಿತ್ತು. ೨೦೨೫ರ ಫೆಬ್ರವರಿಯಲ್ಲಿ ಆ ಸಂಸ್ಥೆ ಕುಸಿಯಿತು. ಲಂಡನ್ನಿನಲ್ಲಿ ಬಾಗಿಲು ಹಾಕಿದರೆ ಬೆಂಗಳೂರು, ಮುಂಬೈಗಳಲ್ಲಿ ಸುಮಾರು ೩ ಸಾವಿರ ಜನರ ಅನ್ನ ಹೋಯಿತೆಂದು ಪತ್ರಿಕೆಗಳು ಬರೆದವು. ಅಲ್ಲಿಗೂ ಇಲ್ಲಿಗೂ ನಡುವೆ ಹನ್ನೆರಡು ವರ್ಷ. ಕೆಡವುವ ರೀತಿ ಒಂದೇ.

ನಡುವೆ ಒಂದು ಒಳ್ಳೇ ಸುದ್ದಿಯೂ ಇದೆ, ಅದನ್ನು ಮುಚ್ಚಿಡಬಾರದು. ೨೦೨೩ರಲ್ಲಿ ಬರಹಗಾರರೂ ನಟರೂ ಮುಷ್ಕರ ಹೂಡಿ ಹಾಲಿವುಡ್ ನಿಂತುಹೋಗಿದ್ದ ಹೊತ್ತಿನಲ್ಲಿ, ಮಾರ್ವೆಲ್ಲಿನಲ್ಲೇ ನೇರ ಕೆಲಸಕ್ಕಿದ್ದ ಗಣಕ ವಿಭಾಗದವರು ಸಂಘ ಬೇಕೆಂದು ಮತ ಹಾಕಿದರು. ಸೆಪ್ಟೆಂಬರಿನಲ್ಲಿ ಎಣಿಸಿದರೆ, ಪರ ೩೨, ವಿರೋಧ ಸೊನ್ನೆ. ಸಂಖ್ಯೆ ಚಿಕ್ಕದು. ಗುತ್ತಿಗೆ ಕಂಪನಿಗಳ ಸಾವಿರಾರು ಜನ ಇದರೊಳಗಿಲ್ಲ, ನಮ್ಮ ಹುಡುಗರಂತೂ ಇಲ್ಲವೇ ಇಲ್ಲ. ಆದರೂ ಆ ಸೊನ್ನೆಯನ್ನು ನಾವು ಎರಡೆರಡು ಸಲ ಓದಿದೆವು.

ನಮ್ಮ ಹುಡುಗರು ಅಂದೆವು. ಹಾಸ್ಟೆಲಿನ ಆ ಏಳು ಜನರಲ್ಲಿ ಒಬ್ಬ ಡಿಗ್ರಿ ಮುಗಿಸಿ, ಮೂರು ತಿಂಗಳ ಕೋರ್ಸಿಗೆ ಅವ್ವನ ಓಲೆ ಅಡವಿಟ್ಟು, ಬೆಂಗಳೂರಿನ ಅಂಚಿನ ಒಂದು ಸಣ್ಣ ಸ್ಟುಡಿಯೋ ಸೇರಿದ. ಕೆಲಸದ ಹೆಸರು ರೋಟೊ. ನಟನ ಮೈಯ ಅಂಚನ್ನು ಹಿನ್ನೆಲೆಯಿಂದ ಗೆರೆ ಎಳೆದು ಕತ್ತರಿಸಿ ಬೇರೆ ಮಾಡೋದು. ಸೆಕೆಂಡಿಗೆ ೨೪ ಚೌಕಟ್ಟು, ಪ್ರತಿ ಚೌಕಟ್ಟಿಗೂ ಗೆರೆ. ಹಸಿರು ಬಟ್ಟೆ ಇಲ್ಲದ ಕಡೆ, ಇದ್ದರೂ ಬೆಳಕು ಸರಿಯಿಲ್ಲದ ಕಡೆ, ಕೈಯಲ್ಲೇ ಆಗಬೇಕು. ಕೂದಲಿದ್ದರೆ ಕತೆ ಮುಗೀತು ಅಂತಾನೆ ಅವನು. ರಾತ್ರಿ ಪಾಳಿ, ತಿಂಗಳಿಗೆ ಹನ್ನೆರಡು ಸಾವಿರ. ಯಾವ ಸಿನಿಮಾ ಅಂತ ಮನೇಲೂ ಹೇಳಬಾರದೆಂದು ರುಜು ಹಾಕಿಸಿಕೊಂಡಿದ್ದರು. ಮತ್ತೆ ರುಜು!

ಕಳೆದ ಬೇಸಿಗೆಯಲ್ಲಿ ಊರಿಗೆ ಬಂದಿದ್ದ. ಚಾವಡಿಯ ಕಟ್ಟೆಯ ಮೇಲೆ ಕೂತು ಒಂದು ಸೂಪರ್ ಹೀರೋ ಚಿತ್ರ ಹಾಕಿದ. ಕೊನೆಯ ಹೆಸರುಗಳು ಉರುಳೋಕೆ ಶುರುವಾದವು. ಈ ಚಿತ್ರಗಳಲ್ಲಿ ಹೆಸರೆಲ್ಲ ಮುಗಿದ ಮೇಲೂ ಒಂದು ಸಣ್ಣ ದೃಶ್ಯ ಇರುತ್ತೆ, ಅದರಾಸೆಗೆ ಜನ ಎದ್ದು ಹೋಗಲ್ಲ, ಹೆಸರೂ ಓದಲ್ಲ. 'ಅವೆಂಜರ್ಸ್' ಕೊನೆಯಲ್ಲಿ ಆರೂ ಜನ ಸುಸ್ತಾಗಿ ಹೋಟೆಲಿನಲ್ಲಿ ಕೂತು ಮಾತಿಲ್ಲದೆ ಉಣ್ಣುವುದು ನಿಮಗೆ ನೆನಪಿರಬಹುದು. ನಾವು ಅವನ ಹೆಸರು ಹುಡುಕಿದೆವು. ಎರಡು ಸಲ ಹಿಂದಕ್ಕೆ ಎಳೆದು ಹುಡುಕಿದೆವು. ಇರಲಿಲ್ಲ. ನಮ್ಮಂಥ ಸ್ಟುಡಿಯೋದಿಂದ ಇಷ್ಟೇ ಹೆಸರು ಅಂತ ಕೊಟ್ಟಿರ್ತಾರೆ ಕಣ್ರೋ, ಅಂದ. ಬೇಜಾರಿಲ್ಲದವನ ಹಾಗೆ ಅಂದ.

ಆಮೇಲೆ ತಾನೇ ಬೆರಳಿಂದ ಸಿನಿಮಾವನ್ನು ಮಧ್ಯಕ್ಕೆ ಎಳೆದು ಒಂದು ಕಡೆ ನಿಲ್ಲಿಸಿದ. ನಾಯಕಿ ತಿರುಗಿ ನೋಡುತ್ತಿದ್ದಾಳೆ, ಗಾಳಿಗೆ ಕೂದಲು ಹಾರಿದೆ, ಹಿಂದೆ ಊರು ಉರಿಯುತ್ತಿದೆ. ಎರಡು ಸೆಕೆಂಡೂ ಇಲ್ಲ. ಅವನು ಮೊಬೈಲನ್ನು ನಮ್ಮ ಕಣ್ಣಿನ ಹತ್ತಿರಕ್ಕೆ ಹಿಡಿದು, ಆ ಕೂದಲಿನ ಅಂಚನ್ನು ಉಗುರಿನಿಂದ ತೋರಿಸಿದ.

'ಇಲ್ಲಿಂದ ಇಲ್ಲೀಗಂಟ, ನಂದು' ಅಂದ.